ಅಮ್ಮನ ಪೆಟ್ಟಿಗೆ ನೆಲದ ಮೇಲೆ ಬಿಚ್ಚಿಸಿದ್ರು

ಒಂದು ಕಿಲೋ ನಾನೂರು ಗ್ರಾಂ ಜಾಸ್ತಿ ಕಣ್ರೀ. ಅಷ್ಟಕ್ಕೆ, ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಟ 67 ವರ್ಷದ ನಮ್ಮಮ್ಮನ್ನ ವಿಮಾನ ನಿಲ್ದಾಣದ ಆ ತಣ್ಣನೆ ನೆಲದ ಮೇಲೆ ಮಂಡಿಯೂರಿಸಿದ್ರು. ಅದಾಗಿ ಆಗಲೇ ಏಳು ಗಂಟೆ ಹೊತ್ತು ಕಳೀತು. ಒಂದು ವಿಮಾನ ಇಳಿದು ಇನ್ನೊಂದಕ್ಕೆ ಕಾಯ್ತಾ ಕೂತಿದೀನಿ, ಮೈ ಉರಿ ಇನ್ನೂ ಇಳಿದಿಲ್ಲ. ಯಾರಿಗಾದ್ರೂ ಹೇಳಲೇಬೇಕು, ಅದಕ್ಕೇ ಬರೀತಿದೀನಿ.

ಲೆಕ್ಕ ನೀವೇ ಹಾಕಿ. ನೀಲಿ ಪೆಟ್ಟಿಗೆ 24.4 ಕಿಲೋ. ಮರೂನ್ ಪೆಟ್ಟಿಗೆ 21.3. ಎರಡೂ ಸೇರಿ 45.7. ಟಿಕೆಟ್‌ನಲ್ಲಿ ಬರೆದಿರೋದು ತಲೆಗೆ ಎರಡು ಪೆಟ್ಟಿಗೆ, ಒಂದೊಂದು 23 ಕಿಲೋ, ಅಂದ್ರೆ 46. ಇನ್ನೂ 300 ಗ್ರಾಂ ನಮಗೇ ಉಳಿದಿತ್ತು. ಎರಡು ಪೆಟ್ಟಿಗೆಯೂ ಅಮ್ಮಂದೇ, ಎರಡೂ ಒಂದೇ ವಿಮಾನಕ್ಕೆ ಹೋಗೋವು, ಅದೇ ವಿಮಾನದಿಂದ ಇಳಿಯೋವು. ಆದ್ರೂ ಆಗಲ್ಲ. ಇದರಿಂದ ತೆಗೆದು ಅದಕ್ಕೆ ಹಾಕಿ ಅಂದ್ರು.

ಮನೇಲಿ ಮೂರು ಸಲ ತೂಗಿದ್ದೆ. ಕೈಯಲ್ಲಿ ಎತ್ತಿ ಹಿಡಿಯೋ ಆ ಪುಟ್ಟ ತಕ್ಕಡಿಯಲ್ಲಿ ನೀಲಿ ಪೆಟ್ಟಿಗೆ 22.9 ತೋರಿಸಿತ್ತು, ಮೂರು ಸಲವೂ. ಸಂತೇಲಿ ಈರುಳ್ಳಿ ತಗೊಳ್ಳೋವಾಗ ತಕ್ಕಡಿಗೆ ಸರ್ಕಾರದ ಮುದ್ರೆ ಬಿದ್ದಿದೆಯಾ ಅಂತ ಗದರಿ ಕೇಳ್ತೀವಿ. ಅಲ್ಲಿ ಕೇಳೋಕೆ ಬಾಯೇ ಬರಲಿಲ್ಲ. ಇರಲಿ, ನನ್ನ ತಕ್ಕಡಿಯೇ ತಪ್ಪಿರಬಹುದು. ಎಷ್ಟೋ ವರ್ಷದ್ದು ಅದು. ತಪ್ಪು ನಂದೇ ಅಂತಲೇ ಇಟ್ಕೊಳ್ಳಿ.

ಆದ್ರೆ ಅಮ್ಮ ಏನ್ ಮಾಡಿದ್ಲು?

ಅವಳು ಕೇಳಿದ್ದು ಒಂದೇ ಮಾತು. "ಎಷ್ಟು ಜಾಸ್ತಿ ಆಗಿದೆ ತಾಯಿ?" ಅಂತ, ಕನ್ನಡದಲ್ಲಿ, ಮೆಲ್ಲಗೆ. ಪೆಟ್ಟಿಗೆ ತೂಗೋ ಕೌಂಟರ್‌ನಲ್ಲಿದ್ದ ಹುಡುಗಿ ಮುಖ ಎತ್ತಲಿಲ್ಲ. "ಆಂಟಿ, ಪ್ಲೀಸ್ ಮೂವ್ ಅಸೈಡ್. ನೆಕ್ಸ್ಟ್." ಅಷ್ಟೇ. ನೆಕ್ಸ್ಟ್ ಅಂದದ್ದು ಅಮ್ಮನಿಗೂ ಅರ್ಥ ಆಯ್ತು. ಗಾಬರಿಯಲ್ಲಿ ತಾನೇ ಪೆಟ್ಟಿಗೆ ಎಳ್ಕೊಂಡು ಪಕ್ಕಕ್ಕೆ ಹೋದ್ಲು. ನಾನು ಪಾಸ್‌ಪೋರ್ಟ್ ಎತ್ತಿಕೊಳ್ಳೋ ಅಷ್ಟರಲ್ಲಿ ಮಂಡಿಯೂರಿ ಕೂತೂ ಆಗಿತ್ತು. ಮಂಡಿ ನೋವು ಅಂತ ಪೂಜೆಗೂ ಕುರ್ಚಿ ಹಾಕ್ಕೊಂಡು ಕೂರೋಳು ಅವಳು.

ಆ ನೀಲಿ ಪೆಟ್ಟಿಗೆ ಗಟ್ಟಿ ಚಿಪ್ಪಿನದು. ಅಂಥದ್ದನ್ನ ಕೊಂಡಿರೋರಿಗೆ ಗೊತ್ತು, ಅದು ಪುಸ್ತಕದ ಹಾಗೆ ಸರಿಯಾಗಿ ನಡುಮಧ್ಯಕ್ಕೆ ತೆರೆದುಕೊಳ್ಳುತ್ತೆ. ಸ್ವಲ್ಪ ಬಿಚ್ಚಿ ಕೈ ತೂರಿಸಿ ಒಂದು ಸಾಮಾನು ತೆಗೆಯೋಣ ಅಂದ್ರೆ ಆಗಲ್ಲ. ಪೂರ್ತಿ ಹರವಬೇಕು, ಎರಡು ಪಟ್ಟು ಜಾಗ ಬೇಕು. ಮನೇಲಿ ಮಂಚದ ಮೇಲೆ ಸರಿ. ಅಲ್ಲಿ, ನೂರು ಜನರ ಕಾಲ ಹತ್ರ? ಜಿಪ್ ಸುತ್ತ ಬಂದಿದ್ದೇ ತಡ, ಮೇಲಿನ ಅರ್ಧ ದಪ್ಪಂತ ಬಿತ್ತು, ಒಳಗಿನ ಪಟ್ಟಿ ಬಿಟ್ಕೊಂಡು ಎಲ್ಲಾ ಹೊರಗೆ ಬಂತು. ಅಮ್ಮನ ಲಂಗಗಳು. ಒಳಬಟ್ಟೆ ಸುತ್ತಿಟ್ಟ ಚೀಲ. ಮಗೂಗೆ ಅಂತ ಅಪ್ಪನ ಹಳೇ ಪಂಚೆ ಹರಿದು, ಒಗೆದು, ಬಿಸಿಲಿಗೆ ಹಾಕಿ, ಒಂದೊಂದೂ ಚೌಕಾಕಾರಕ್ಕೆ ಮಡಿಸಿಟ್ಟ ಬಟ್ಟೆಗಳು. ಹುಟ್ಟಿದ ಮಗೂಗೆ ಹೊಸ ಬಟ್ಟೆ ತಾಗಿಸಬಾರದು, ಹಳೇದೇ ಮೆತ್ತಗೆ ಅಂತ ಎರಡು ತಿಂಗಳಿಂದ ಹದ ಮಾಡಿದ್ಲು.

ಅಮ್ಮ ಮೊದಲು ಮಾಡಿದ್ದು ಏನು ಗೊತ್ತಾ? ಸಾಮಾನು ಎತ್ತಲಿಲ್ಲ. ಸೆರಗು ಎಳೆದು ಆ ಲಂಗಗಳ ಮೇಲೆ ಹೊದಿಸಿದ್ಲು. ಒಂದು ಕೈಯಲ್ಲಿ ಸೆರಗು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಪಂಚೆ ಬಟ್ಟೆ ಬಾಚಿಕೊಳ್ತಿದ್ಲು. ಸೆರಗು ಸರಿದದ್ದಕ್ಕೆ ಹೆಗಲು ಕುಗ್ಗಿಸಿ ಕೂತಿದ್ಲು. ಆ ಕೈ ನೋಡಿದೆ ನಾನು. ಬಳೆ ನೆಲಕ್ಕೆ ತಗಲಿ ಸದ್ದಾಗ್ತಿತ್ತು. ಯಾರನ್ನೂ ನೋಡಲಿಲ್ಲ ಅವಳು, ನನ್ನನ್ನೂ. ತಪ್ಪು ಮಾಡಿ ಸಿಕ್ಕಿಬಿದ್ದೋರ ಹಾಗೆ ತಲೆ ತಗ್ಗಿಸಿಬಿಟ್ಟಿದ್ಲು.

ಸಾಲಲ್ಲಿ ಹಿಂದೆ ನಿಂತಿದ್ದೋನೊಬ್ಬ, ನಮ್ಮ ಕಡೆಯೋನೇ, ಹೆಂಡತಿ ಕಡೆ ತಿರುಗಿ "ದಿನಸಿ ಅಂಗಡೀನೇ ಹೊತ್ಕೊಂಡ್ ಹೊರಟವ್ರೆ" ಅಂದ. ಅವಳು ನಕ್ಕಳು. ಅಮ್ಮನಿಗೆ ಕೇಳಿಸಿತು. ಕೇಳಿಸಿತು ಅಂತ ನನಗೆ ಹೇಗೆ ಗೊತ್ತು ಅಂದ್ರೆ, ಹುಳಿಪುಡಿ ಪೊಟ್ಟಣ ಎತ್ತಿಕೊಂಡಿದ್ದೋಳು ಅದನ್ನ ತಿರುಗಿ ಕೆಳಗಿಟ್ಟು, "ಇದು ಬೇಡ ಬಿಡೇ, ಅಲ್ಲೇ ಸಿಗುತ್ತೇನೋ" ಅಂದ್ಲು. ಅಲ್ಲಿ ಸಿಗಲ್ಲ ಅಂತ ತಾನೇ ಕೈಯಾರೆ ಹುರಿದು ಕುಟ್ಟಿಸಿದ್ದು!

ಆ ಹುಡುಗಿ ಇದ್ದಲ್ಲಿಂದಲೇ ಹೇಳಿದ್ಲು, "ಕ್ಯಾಬಿನ್ ಬ್ಯಾಗ್‌ಗೆ ಹಾಕ್ಕೊಳ್ಳಿ". ಯಾವುದನ್ನ ಹಾಕ್ಕೊಳ್ಳೋದು? ಕೈಚೀಲಕ್ಕೆ 7 ಕಿಲೋ, ಅದೂ ತೂಗಿಸಿ ಪಟ್ಟಿ ಕಟ್ಟಿಸಿ ಆಗಿದೆ. ಲೇಹ್ಯ ಹಾಕೋಣ ಅಂದ್ರೆ ಅದು ದ್ರವದ ಲೆಕ್ಕಕ್ಕೆ ಬರುತ್ತೆ, 100 ಮಿಲಿಗಿಂತ ದೊಡ್ಡ ಡಬ್ಬಿ ಭದ್ರತಾ ತಪಾಸಣೆ ದಾಟಲ್ಲ. ಪುಡಿ ಹಾಕೋಣ ಅಂದ್ರೆ, ಅಮೆರಿಕಕ್ಕೆ ಹೋಗೋ ವಿಮಾನಕ್ಕೆ 2018ರಿಂದ ಕೈಚೀಲದಲ್ಲಿ 350 ಮಿಲಿಗಿಂತ ಹೆಚ್ಚು ಪುಡಿ ಇದ್ರೆ ಬಿಚ್ಚಿ ನೋಡ್ತಾರೆ, ಸಮಾಧಾನ ಆಗದಿದ್ರೆ ಅಲ್ಲೇ ಬಿಟ್ಟು ಹೋಗಿ ಅಂತಾರೆ. ಇದೆಲ್ಲಾ ಓದಿಕೊಂಡೇ ಬಂದೋಳು ನಾನು. ಕೊಬ್ಬರಿ ಗಿಟುಕು ತಾನಾಗೇ ಬಿಸಿಯೇರೋ ಸರಕು, ಎಣ್ಣೆ ಜಾಸ್ತಿ, ಅದಕ್ಕೇ ಅಪಾಯದ ಸಾಮಾನುಗಳ ಪಟ್ಟೀಲಿದೆ ಅಂತ ಹೇಳಿ, ಅಮ್ಮ ತಿಪಟೂರಿಂದ ತರಿಸಿಟ್ಟಿದ್ದ ಗಿಟುಕನ್ನ ಮನೇಲೇ ಬಿಡಿಸಿದ್ದೆ. ಅದಕ್ಕೆ ಅವಳು ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ. ಇಷ್ಟೆಲ್ಲಾ ನಿಯಮ ಪಾಲಿಸಿ ಬಂದೋರ್ರೀ ನಾವು.

ಅದರ ಮೇಲೆ ಮರೂನ್ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿಸಿದ್ವಿ, ದುಡ್ಡು ಕೊಟ್ಟು, ಬಾಗಿಲು ದಾಟಿದ ತಕ್ಷಣ. ಬಿಚ್ಚೋಕೆ ಕತ್ತರಿ ಕೇಳಿದ್ರೆ ಇಲ್ಲ ಅಂದ್ರು. ಮನೆ ಬೀಗದ ಕೈಯಲ್ಲಿ ಗೀರಿ ಗೀರಿ ಹರಿದೆ. ಬೆರಳು ಕುಯ್ದುಕೊಂಡಿದೆ. ಕೈಗೆ ಸಿಕ್ಕಿದ್ದನ್ನ ನೀಲಿಯಿಂದ ಎತ್ತಿ ಮರೂನ್‌ಗೆ ತುರುಕಿದೆ. ತಿರುಗಿ ಸಾಲಿಗೆ ನಿಂತ್ವಿ. ನೀಲಿ 22.8, ಮರೂನ್ 22.9. ಕೂಡಿಸಿ. ಅದೇ 45.7! ಒಂದು ಗ್ರಾಮೂ ಕಮ್ಮಿ ಆಗಲಿಲ್ಲ. ಈಗ ಸರಿ ಹೋಯ್ತಂತೆ. "ಥ್ಯಾಂಕ್ಯೂ ಆಂಟಿ" ಅಂತ ಬೇರೆ.

ಯಾಕೆ ಒಂದೊಂದಕ್ಕೂ 23 ಅನ್ನೋದು ನನಗೆ ಗೊತ್ತಿಲ್ಲ ಅಂತಲ್ಲ. ಕೆಳಗೆ ವಿಮಾನದ ಹೊಟ್ಟೆಯೊಳಗೆ ಬಗ್ಗಿ ಕೂತು ಪೆಟ್ಟಿಗೆ ಎತ್ತಿ ಜೋಡಿಸೋ ಹುಡುಗರ ಬೆನ್ನಿನ ಪ್ರಶ್ನೆ ಅದು. ಒಂದು ಪಾಳಿಯಲ್ಲಿ ಎಷ್ಟೋ ನೂರು ಪೆಟ್ಟಿಗೆ ಎತ್ತೋರು. ಅವರಿಗೋಸ್ಕರ ಮಿತಿ ಇರಬೇಕು, ನಾನು ಕೈ ಎತ್ತಿ ಒಪ್ಪುತ್ತೀನಿ. ಹಾಗಿದ್ರೆ ಯಾಕೆ ಬಯ್ತಿದೀಯ ಅಂತೀರಾ? ಯಾಕಂದ್ರೆ ಅದೇ ಹುಡುಗಿ ಮೊದಲು ಹೇಳಿದ್ದು, ದುಡ್ಡು ಕಟ್ಟಿದ್ರೆ ಹಾಗೇ ಕಳಿಸ್ತೀನಿ ಅಂತ. ಒಂಬತ್ತು ಸಾವಿರದ ಹತ್ರ. ಕಟ್ಟಿದ್ರೆ 32 ಕಿಲೋವರೆಗೂ ತಗೊಳ್ತಾರೆ. ದುಡ್ಡು ಕಟ್ಟಿಸ್ಕೊಂಡ್ ಮೇಲೆ ಆ ಹುಡುಗನ ಬೆನ್ನು ನೋಯಲ್ವಾ? ಆ ಒಂಬತ್ತು ಸಾವಿರದಲ್ಲಿ ಅವನ ಕೈಗೆ ಹತ್ತು ರೂಪಾಯಿ ಹೋಗುತ್ತಾ? ಯಾರಾದ್ರೂ ಉತ್ತರ ಹೇಳಿ. ವಿಮಾನ ಕಂಪನೀಲಿ ಕೆಲಸ ಮಾಡೋರು ಇದನ್ನ ಓದ್ತಿದ್ರೆ ದಯವಿಟ್ಟು ಹೇಳಿ.

ವಿಮಾನಕ್ಕೆ ಭಾರ ಆಗುತ್ತೆ ಅನ್ನೋ ಮಾತಂತೂ ಬೇಡವೇ ಬೇಡ. ನಾವು ಬಂದ ಆ ಬೋಯಿಂಗ್ 777 ವಿಮಾನ ಪೂರ್ತಿ ತುಂಬಿ ಮೇಲೇಳೋವಾಗ 351 ಟನ್‌ವರೆಗೂ ತೂಗಬಹುದು. ಜನರ ತೂಕಕ್ಕೆ ಬರೀ ಸರಾಸರಿ ಹಿಡೀತಾರೆ, ನಮ್ಮನ್ನ ಯಾರೂ ತಕ್ಕಡಿ ಹತ್ತಿಸಲ್ಲ. ಅಮ್ಮ 48 ಕಿಲೋ. ಅವಳ ಪಕ್ಕ ಕೂತೋನು ಅವಳಿಗೆ ಎರಡರಷ್ಟಿದ್ದ. ಅವನನ್ನ ಅಂದದ್ದಲ್ಲ, ಪಾಪ, ಮಲಗಿದೋರ್ನ ಎಬ್ಬಿಸಬಾರದು ಅಂತ ಕೈ ಮುದುರಿಕೊಂಡೇ ಕೂತಿದ್ದ ಒಳ್ಳೆ ಮನುಷ್ಯ. ಮೊದಲು ಸಾಲಿಗೆ 9 ಸೀಟು ಹಾಕ್ತಿದ್ದ ಆ ವಿಮಾನಕ್ಕೇ ಈಗ ಬಹುತೇಕ ಕಂಪನಿಗಳು 10 ಹಾಕಿವೆ. ಅವರಿಬ್ಬರ ಮೊಣಕೈಗೆ ಇದ್ದದ್ದು ಸೀಟಿನ ನಡುವಿನ ಒಂದೇ ಕೈಯಾಸರೆ. ಅಂಚಿನ ಸೀಟಿಗೆ ಬೇರೆ ದುಡ್ಡು ಅಂದ್ರು, ಕೊಟ್ಟೆ, ಆದ್ರೆ ಅದು ಸಿಕ್ಕಿದ್ದು ಮುಂದಿನ ವಿಮಾನಕ್ಕೆ ಮಾತ್ರ. ಅದರ ಬಗ್ಗೆ ಬರೆಯೋಕೆ ಈಗ ಶಕ್ತಿಯಿಲ್ಲ.

ಪೆಟ್ಟಿಗೆ ಆರಿಸಿದ್ದು ನಾನೇ, ಅದೂ ಕೊರೀತಿದೆ. ಗಟ್ಟಿ ಚಿಪ್ಪಿನದೇ ಬೇಕು ಅಂತ ಹಟ ಮಾಡಿದ್ದು ನಾನು. ಅಂಗಡಿಯೋನು ಅದರ ಮೇಲೆ ಹತ್ತಿ ನಿಂತು ತೋರಿಸಿದ, "ಏನೂ ಆಗಲ್ಲ ಮೇಡಂ" ಅಂತ. ನಾನೂ ಮರುಳಾದೆ. ಲೇಹ್ಯ ಗಾಜಿನ ಜಾಡೀಲಿತ್ತು, ಅಮ್ಮನಿಗೆ ಪ್ಲಾಸ್ಟಿಕ್ ಡಬ್ಬಿ ಆಗಿಬರಲ್ಲ, ಅದು ಒಡೀಬಾರದು ಅನ್ನೋದೊಂದೇ ಯೋಚನೆ. 28 ಇಂಚು, ಉದ್ದ ಅಗಲ ಎತ್ತರ ಕೂಡಿದ್ರೆ 158 ಸೆಂಟಿಮೀಟರ್ ಒಳಗೇ ಇದೆ ಅಂತ ಟೇಪ್ ಹಿಡಿದು ಅಳೆದೆ. ಖಾಲಿ ಪೆಟ್ಟಿಗೆ ಎಷ್ಟು ತೂಗುತ್ತೆ ಅಂತ ಕೇಳಲಿಲ್ಲ. 5.2 ಕಿಲೋ! 23ರಲ್ಲಿ 5.2 ಕಿಲೋ ಬರೀ ಡಬ್ಬಕ್ಕೆ ಹೋಯ್ತು. ಹಳೇ ಮರೂನ್ ಬಟ್ಟೆ ಪೆಟ್ಟಿಗೆ 3.4. ಅದಕ್ಕೆ ಮೇಲೊಂದು ಮುಚ್ಚಳ, ಒಂದು ಗೇಣು ಜಿಪ್ ಸರಿಸಿ ಕೈ ಹಾಕಿದ್ರೆ ಬೇಕಾದ್ದು ಹೊರಗೆ ಬರುತ್ತೆ, ಒಳಗೇನಿದೆ ಅಂತ ಪಕ್ಕದೋರಿಗೂ ಕಾಣಲ್ಲ. ಎರಡೂ ಅಂಥವೇ ಆಗಿದ್ರೆ ಇವತ್ತು ತೂಕವೂ ಮೀರ್ತಿರಲಿಲ್ಲ. ಮೀರಿದ್ರೂ ಅಮ್ಮನ ಲಂಗ ಊರೆಲ್ಲಾ ನೋಡ್ತಿರಲಿಲ್ಲ. ತಂಗಿ ಫೋನಲ್ಲಿ ಹೇಳಿದ್ಲು, "ಅಕ್ಕಾ, ಹಗುರದ್ದು ತಗೋ". ಕೇಳಲಿಲ್ಲ ನಾನು.

ಇಲ್ಲ. ಪೆಟ್ಟಿಗೆ ಭಾರ ಇದ್ದದ್ದು ನನ್ನ ತಪ್ಪು. ವಯಸ್ಸಾದೋಳನ್ನ ನೆಲದ ಮೇಲೆ ಕೂರಿಸಿದ್ದು ನನ್ನ ತಪ್ಪಲ್ಲ. ಅಷ್ಟು ದೊಡ್ಡ ಕಟ್ಟಡ, ಅಷ್ಟು ದೀಪ, ಅಷ್ಟು ಗಾಜು. ಪೆಟ್ಟಿಗೆ ಬಿಚ್ಚೋಕೆ ಸೊಂಟದೆತ್ತರಕ್ಕೆ ಒಂದು ಮೇಜು ಹಾಕೋಕಾಗಲ್ವಾ? ಪಕ್ಕಕ್ಕೊಂದು ಪರದೆ? ಸಾಲಿಗೆ ನಿಲ್ಲೋಕೆ ಮುಂಚೆ ಕಣ್ಣಿಗೆ ಬೀಳೋ ಹಾಗೆ ಒಂದು ತಕ್ಕಡಿ? ದಿನಾ ನಡೆಯೋದಲ್ವಾ ಇದು? ಮಗಳ ಬಾಣಂತನಕ್ಕೆ ಅಂತ ಹೊರಟ ಎಷ್ಟು ಅಮ್ಮಂದಿರು ಹೀಗೆ ಕೂತು ಎದ್ದಿದ್ದಾರೋ ಅದೇ ನೆಲದ ಮೇಲೆ. ನಾವು ಸುಮ್ಮನಾದಾಗ, ಅಂಟಿನುಂಡೆ ಡಬ್ಬಿ ಎತ್ತಿಕೊಟ್ಟು "ನಮ್ಮಮ್ಮನಿಗೂ ಹೀಗೇ ಮಾಡಿದ್ರು ಕಣಮ್ಮ" ಅಂದ ಇನ್ನೊಬ್ರು ಇದ್ರು ಅಲ್ಲಿ. ಅವರ ಹೆಸರೂ ಕೇಳಲಿಲ್ಲ.

ಆ ಹುಡುಗಿ ಮೇಲೆ ನನಗೆ ಕೋಪ ಇಲ್ಲ. ಇದೆ. ಅವಳಿಗೂ ಮೇಲಿನೋರ ಒತ್ತಡ, ನಿಂತ ಕಾಲಲ್ಲೇ ಪಾಳಿ, ಎದುರಿಗೆ ಮುನ್ನೂರು ಜನ. ಎಲ್ಲಾ ಗೊತ್ತು. ಆದ್ರೂ ಒಂದು ಸಲ ಮುಖ ಎತ್ತಿ, "ಒಂದೂವರೆ ಕಿಲೋ ಜಾಸ್ತಿ ಇದೆ ಅಮ್ಮಾ, ನೀವು ಕೂತ್ಕೊಳ್ಳಿ, ಮಗಳು ತೆಗೀಲಿ" ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ದೂರು ಬರೀತೀನಿ. ಬರೆದು ಏನಾಗುತ್ತೆ, ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಅಂತ ಒಂದು ಉತ್ತರ ಬರುತ್ತೆ. ಆದ್ರೂ ಬರೀತೀನಿ.

ಅಮ್ಮ ಪಕ್ಕದಲ್ಲೇ ಒರಗಿದಾಳೆ. ಪಾದ ಊದಿ ಚಪ್ಪಲಿ ಪಟ್ಟಿ ಒತ್ತಿದ ಗುರುತು ಬಿದ್ದಿದೆ, ಕೈಚೀಲದ ಮೇಲೆ ಕಾಲು ಎತ್ತಿಡಿಸಿದೀನಿ. ಎದ್ದು ನಡೆದಾಡು ಅಂತ ವಿಮಾನದಲ್ಲಿ ಎಷ್ಟು ಹೇಳಿದ್ರೂ, ಇಬ್ಬರ ನಡುವೆ ಸಿಕ್ಕಿಕೊಂಡೋಳು ಯಾರನ್ನೂ ಎಬ್ಬಿಸಲಿಲ್ಲ. ಮುಂದಿನ ವಿಮಾನದಲ್ಲಿ ಹದಿನಾರು ಗಂಟೆ ಕೂರಬೇಕು.

ಈಗ ಕಣ್ಣು ಬಿಟ್ಟು ಕೇಳಿದ್ಲು, "ಲೇಹ್ಯದ ಜಾಡಿ ನೀಲೀಲೇ ಇದೆ ಅಲ್ವೇನೇ? ಪಂಚೆ ಬಟ್ಟೆ ನಡುವೆ ಇಟ್ಟಿದ್ದೆ."

"ಅಲ್ಲೇ ಇದೆ ಅಮ್ಮ, ಮಲಗು" ಅಂದೆ.

ಮರೂನ್‌ಗೆ ಹಾಕಿದೀನಿ. ಎಲ್ಲಕ್ಕಿಂತ ಭಾರ ಅದೇ ಇತ್ತು, ಅದನ್ನೇ ಮೊದಲು ಎತ್ತಿದೆ. ಸುತ್ತ ಏನಿಟ್ಟೆ, ಇಟ್ಟೆನೋ ಇಲ್ಲವೋ, ನೆನಪೇ ಇಲ್ಲ.