ಡಬ್ಬದ ಮೇಲೆ ಎಲ್ಲ ಬರೆದಿದ್ದಾರೆ, ಬೇಕಾದ್ದೊಂದು ಬಿಟ್ಟು

ಟಿವಿ ಸೆಟ್ ಟಾಪ್ ಬಾಕ್ಸ್ ಮಾಡುವವರ ಮೇಲೆ ನನಗೆ ಇವತ್ತು ವಿಪರೀತ ಸಿಟ್ಟು ಬಂದಿದೆ. ಯಾರಾದರೂ ಸಮಾಧಾನ ಹೇಳೋಕೆ ಬಂದರೆ ಅವರ ಮೇಲೂ ಬರುತ್ತದೆ.

ಜರ್ಮನಿಯಲ್ಲಿರುವ ಚಿಕ್ಕಪ್ಪನ ಮಗ ಈಗಷ್ಟೇ ವಿಡಿಯೊ ಕಾಲ್ ಮಾಡಿದ್ದ. ಬ್ರಿಟನ್‌ಗೆ ಹೋದಾಗ ಒಂದು ಬಾಕ್ಸ್ ಕೊಂಡು ತಂದಿದ್ದಾನೆ. "ಅಣ್ಣಾ, ಚಾನೆಲ್ ಹೆಸರೆಲ್ಲ ಬರ್ತಿದೆ, ಚಿತ್ರ ಮಾತ್ರ ಇಲ್ಲ. ಆಂಟೆನಾ ಹೋಗಿದೆಯಾ?" ನಮ್ಮ ಬಳಗದಲ್ಲಿ ವೈರು ಇರುವ ಏನೇ ಕೆಟ್ಟರೂ ಫೋನ್ ನನಗೇ ಬರುತ್ತದೆ, ಗೊತ್ತಲ್ವಾ. ನೋಡಿದರೆ ಆಂಟೆನಾ ಚೆನ್ನಾಗಿದೆ, ಸಿಗ್ನಲ್ ಚೆನ್ನಾಗಿದೆ, ಚಾನೆಲ್ ಪಟ್ಟಿ ತುಂಬಿ ತುಳುಕುತ್ತಿದೆ. ಪರದೆ ಮಾತ್ರ ಕಪ್ಪು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಯಾಕೆ ಅಂದರೆ, ಎರಡೂ ಕಡೆ ಇರುವುದು ಆಂಟೆನಾಗೆ ಡಿಜಿಟಲ್ ಟಿವಿ ಕಳಿಸುವ ಡಿವಿಬಿ-ಟಿ2 ಪದ್ಧತಿಯೇ. ಬಾಕ್ಸ್ ಮೇಲೂ ಅದನ್ನೇ ಬರೆದಿದ್ದಾರೆ. ಆದರೆ ಬ್ರಿಟನ್ ಅದರಲ್ಲಿ ಚಿತ್ರವನ್ನು ಎಚ್.264 ಅನ್ನುವ ವಿಧಾನದಲ್ಲಿ ಕುಗ್ಗಿಸಿ ಕಳಿಸುತ್ತದೆ. ಜರ್ಮನಿ ತಡವಾಗಿ, 2016-17ರಲ್ಲಿ ಟಿ2ಗೆ ಬಂತು. ಬರುವಾಗಲೇ ಚಿತ್ರ ಕುಗ್ಗಿಸುವ ಹೊಸ ವಿಧಾನ ಎಚ್‌ಇವಿಸಿ ಹಿಡಿದುಕೊಂಡು ಬಂತು. ಈ ಬಾಕ್ಸ್‌ಗೆ ಸಿಗ್ನಲ್ ಹಿಡಿಯುವುದು ಗೊತ್ತು, ಪಟ್ಟಿ ಓದುವುದು ಗೊತ್ತು, ಎಚ್‌ಇವಿಸಿಯಲ್ಲಿ ಕುಗ್ಗಿಸಿದ ಚಿತ್ರವನ್ನು ಮತ್ತೆ ಬಿಚ್ಚುವುದು ಗೊತ್ತಿಲ್ಲ. ಅದು ಗೊತ್ತಿರುವ ಬೇರೆ ಬಾಕ್ಸ್ ತಂದರೂ ಎಆರ್‌ಡಿ, ಝಡ್‌ಡಿಎಫ್‌ನಂಥ ಸಾರ್ವಜನಿಕ ಚಾನೆಲ್‌ಗಳು ಸಿಗುತ್ತವೆ. ದೊಡ್ಡ ಖಾಸಗಿ ಚಾನೆಲ್‌ಗಳಿಗೆ ಬೀಗ ಹಾಕಿದ್ದಾರೆ, ಅದಕ್ಕೆ ಬೇರೆ ಚಂದಾ.

ಈಗ ಆ ಬಾಕ್ಸ್‌ನ ರಟ್ಟಿನ ಮೇಲೆ ಏನೇನಿದೆ ಕೇಳಿ. ಫುಲ್ ಎಚ್‌ಡಿ ಅಂತ ಅಂಗೈ ಅಗಲದ ಅಕ್ಷರ. ಯುಎಸ್‌ಬಿ ರೆಕಾರ್ಡಿಂಗ್. ನಗುತ್ತಾ ಸೋಫಾ ಮೇಲೆ ಕೂತ ಒಂದು ಕುಟುಂಬ. (ಅವರಿಗೆ ಚಿತ್ರ ಬರುತ್ತಿರಬೇಕು, ಪುಣ್ಯವಂತರು.) ಎಚ್.264 ಅನ್ನುವುದು ಎಲ್ಲಿದೆ? ಒಳಗಿನ ಕೈಪಿಡಿಯ ಕೊನೆಯ ಪುಟದಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣದಾಗಿ. ಯಾವ ದೇಶಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅನ್ನುವುದು? ಅಲ್ಲೂ ಇಲ್ಲ.

ಇದು ಚಿಕ್ಕ ಪ್ರಕರಣ. ಅಮೆರಿಕದಲ್ಲಿ ಕೊಂಡ ಟಿವಿಯನ್ನು ಯುರೋಪಿಗೆ ಹೊತ್ತುಕೊಂಡು ಹೋದವರನ್ನು ಕೇಳಿ. ಅಮೆರಿಕ, ಕೆನಡಾ, ಮೆಕ್ಸಿಕೊ, ದಕ್ಷಿಣ ಕೊರಿಯಾದಲ್ಲಿ ನಡೆಯುವುದು ಎಟಿಎಸ್‌ಸಿ ಅನ್ನುವ ಬೇರೆಯೇ ಪ್ರಸಾರ ಪದ್ಧತಿ. ಅದರ ಹಳೆಯ ಪದ್ಧತಿಯಲ್ಲಿ ಮಾಹಿತಿಯೆಲ್ಲ ಒಂದೇ ಅಲೆಯ ಮೇಲೆ ಹೋಗುತ್ತದೆ. ಯುರೋಪಿನ ಡಿವಿಬಿ-ಟಿಯಲ್ಲಿ (ಟಿ2ಗಿಂತ ಹಿಂದಿನದು) ಅದೇ ಮಾಹಿತಿ ಸಾವಿರಾರು ಸಣ್ಣ ಅಲೆಗಳಿಗೆ ಹಂಚಿಹೋಗುತ್ತದೆ, ಅದರದೊಂದು ವಿಧಾನದಲ್ಲಿ 6817. ಒಂದಕ್ಕೆ ಮಾಡಿದ ಚಿಪ್‌ಗೆ ಇನ್ನೊಂದು ಬರೀ ಗದ್ದಲ. "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತೆ" ಅಂತ ಅಂಗಡಿಯವರು ಹೇಳಿದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ಸರಿ, ಟಿವಿಯೊಳಗಿನ ಸಿಗ್ನಲ್ ಹಿಡಿಯುವ ಟ್ಯೂನರ್ ಬಿಟ್ಟು ಹೊಸ ಬಾಕ್ಸ್ ತಂದು ಎಚ್‌ಡಿಎಂಐಗೆ ಹಾಕೋಣ ಅಂದರೆ, ಯುರೋಪಿನ ಬಾಕ್ಸ್ 50 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಸಲ, ಚಿತ್ರ ಕೊಡುತ್ತದೆ. ಅಮೆರಿಕದ ಎಷ್ಟೋ ಟಿವಿಗಳು 60 ಬಿಟ್ಟು ಬೇರೆ ಒಪ್ಪುವುದಿಲ್ಲ.

ಜಪಾನ್ 2003ರಲ್ಲಿ ಐಎಸ್‌ಡಿಬಿ-ಟಿ ಅನ್ನುವ ತನ್ನದೇ ಪದ್ಧತಿ ಶುರು ಮಾಡಿತು. ಬ್ರೆಜಿಲ್ ಅದನ್ನೇ ತೆಗೆದುಕೊಂಡಿತು, ಆದರೆ ಚಿತ್ರ ಕುಗ್ಗಿಸೋಕೆ ಜಪಾನ್ ಬಳಸುವ ಹಳೆಯ ಎಂಪೆಗ್-2 ಬಿಟ್ಟು ಎಚ್.264 ಹಾಕಿತು. ಸಾಲದ್ದಕ್ಕೆ ಜಪಾನಿನಲ್ಲಿ ಉಚಿತ ಚಾನೆಲ್ ನೋಡಲೂ ಬಿ-ಕ್ಯಾಸ್ ಅನ್ನುವ ಕಾರ್ಡೋ ಅಂಥದ್ದೇ ಚಿಪ್ಪೋ ಬೇಕು. ಚೀನಾದ್ದು ಡಿಟಿಎಂಬಿ, ಅದರ ದಾರಿಯೇ ಬೇರೆ.

"ಒಂದೊಂದು ದೇಶಕ್ಕೆ ಅದರದೇ ಕಾರಣ ಇರುತ್ತೆ ಮಾರಾಯ" ಅಂತ ಗೆಳೆಯರೊಬ್ಬರು ಹೇಳುತ್ತಾರೆ. ಇದೆ, ಒಪ್ಪುತ್ತೇನೆ. ಹಳೆಯ ಅನಲಾಗ್ ಚಾನೆಲ್‌ಗಳ ಅಗಲ ಅಮೆರಿಕದಲ್ಲಿ 6 ಮೆಗಾಹರ್ಟ್ಸ್, ಆಸ್ಟ್ರೇಲಿಯಾದಲ್ಲಿ 7, ಯುರೋಪಿನ ಯುಎಚ್‌ಎಫ್ ಅನ್ನುವ ತರಂಗ ಪಟ್ಟಿಯಲ್ಲಿ 8 ಇತ್ತು. ಡಿಜಿಟಲ್ ಬಂದು ಅದೇ ಜಾಗದಲ್ಲಿ ಕೂತಿತು. ಜಪಾನಿನವರು ಒಂದು ಚಾನೆಲ್ಲನ್ನು 13 ತುಂಡು ಮಾಡಿ ಒಂದನ್ನು ಮೊಬೈಲ್‌ಗೆ ಕೊಟ್ಟರು, ಒಳ್ಳೆಯ ಯೋಚನೆ. ಪದ್ಧತಿ ನೂರು ಇರಲಿ, ನನ್ನ ತಕರಾರು ಅದಲ್ಲವೇ ಅಲ್ಲ. ಒಳಗಿರುವುದು ಯಾವುದು ಅಂತ ಹೊರಗೆ ಬರೆಯೋಕೆ ಏನು ಕಷ್ಟ?

ಇನ್ನೊಬ್ಬರು, "ಈ ಕಾಲದಲ್ಲಿ ಆಂಟೆನಾ ಯಾರಿಗೆ ಬೇಕು, ಆ್ಯಪ್ ಇದೆಯಲ್ಲ" ಅನ್ನುತ್ತಾರೆ. ಗಡಿ ದಾಟಿ ಆ ಆ್ಯಪ್ ತೆರೆದು ನೋಡಲಿ. 'ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಅಂತ ಚೆಂದದ ಅಕ್ಷರದಲ್ಲಿ ಬರುತ್ತದೆ. ಅಷ್ಟಾದರೂ ಬಾಯಿಬಿಟ್ಟು ಹೇಳುತ್ತದಲ್ಲ, ಬಾಕ್ಸ್ ಅದನ್ನೂ ಹೇಳುವುದಿಲ್ಲ.

ನಿಜ ಹೇಳಬೇಕೆಂದರೆ, ಇಂಥ ಕಾಲ್ ಬಂದಾಗ ನನಗೆ ಒಳಗೊಳಗೇ ಖುಷಿಯೂ ಆಗುತ್ತದೆ. ತಮ್ಮ ಪಾಪ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದ, ನಾನು ಇಲ್ಲಿ ಎಚ್‌ಇವಿಸಿ ಪುರಾಣ ಬಿಚ್ಚಿದ್ದೆ. ಅವನ ಹೆಂಡತಿ ಹಿಂದಿನಿಂದ "ಭಾವ, ಅದೆಲ್ಲ ಇರಲಿ, ಟಿವಿ ಬರುತ್ತಾ ಇಲ್ವಾ?" ಅಂದಳು. ಬರುವುದಿಲ್ಲಮ್ಮ.

ಆನ್‌ಲೈನ್‌ನಲ್ಲಿ ಮಾರುವವರದು ಇನ್ನೊಂದು ವರಸೆ. 'ಯೂನಿವರ್ಸಲ್', 'ವರ್ಲ್ಡ್‌ವೈಡ್' ಅಂತ ಹಾಕುತ್ತಾರೆ. ಕೆದಕಿ ಕೇಳಿದರೆ ಆ ವರ್ಲ್ಡ್‌ವೈಡ್ ಅನ್ನುವುದು ಪವರ್ ಅಡಾಪ್ಟರ್ ಬಗ್ಗೆ, 100ರಿಂದ 240 ವೋಲ್ಟ್. ಅಂದರೆ ಲೋಕದ ಯಾವ ಮೂಲೆಗೆ ಹೋದರೂ ಬಾಕ್ಸ್‌ನ ಕೆಂಪು ದೀಪ ಉರಿಯುತ್ತದೆ. ಮಾದರಿ ಸಂಖ್ಯೆ ನೋಡಿ ಕೊಳ್ಳೋಣ ಅಂದರೆ ಅದಕ್ಕೂ ಕಲ್ಲು. ಒಂದೇ ಮಾದರಿ, ಒಂದೇ ಮೈಕಟ್ಟು, ಕೊನೆಯ ಒಂದಕ್ಷರ ಬೇರೆ ಇದ್ದರೆ ಒಳಗಿನ ಟ್ಯೂನರ್ರೇ ಬೇರೆ. ಆ ಕೊನೆಯ ಅಕ್ಷರವನ್ನೇ ಜಾಹೀರಾತಿನಲ್ಲಿ ನುಂಗಿರುತ್ತಾರೆ.

ನಿಮ್ಮಲ್ಲಿ ಯಾರಾದರೂ ಹೊರದೇಶದಿಂದ ಬಾಕ್ಸ್ ತರುವ ಯೋಚನೆಯಲ್ಲಿದ್ದರೆ, ಹಣ ಕೊಡುವ ಮೊದಲು ಕೈಪಿಡಿಯ ಕೊನೆಯ ಪುಟದ ಫೋಟೊ ಕಳಿಸಿ. ಸೋಫಾ ಕುಟುಂಬದ ಫೋಟೊ ಬೇಡ.