ಎರಡು ಬಿಡಿ

ಮೈಸೂರಿನ ನಮ್ಮ ಬಡಾವಣೆಯಲ್ಲಿ ಬೆಳಗಿನ ಐದೂವರೆಗೆ ವಾಕಿಂಗ್ ಹೊರಡುವವರಲ್ಲಿ ಎರಡು ಜಾತಿ. ಕೈ ಬೀಸಿಕೊಂಡು ಹೋಗುವವರು, ಪ್ಲಾಸ್ಟಿಕ್ ಕವರ್ ಹಿಡಿದು ಹೋಗುವವರು. ಎರಡನೆಯವರ ಕಣ್ಣು ರಸ್ತೆ ಮೇಲೆ ಇರುವುದಿಲ್ಲ, ಕಾಂಪೌಂಡ್ ಮೇಲಿರುತ್ತದೆ. ನಾನು ಬಹಳ ವರ್ಷ ಕವರ್ ಜಾತಿಯವನು.

ಅಪ್ಪ ಹೋದ ಮೇಲೆ ಮನೆಯ ಪೂಜೆ ನನ್ನ ಪಾಲಿಗೆ ಬಂತು. ಪೂಜೆ ಅಂದರೆ ಹೂವು, ಹೂವು ಅಂದರೆ ದುಡ್ಡು. ಬೀದಿ ತುಂಬ ದಾಸವಾಳ, ಕಣಗಿಲೆ, ನಂದಬಟ್ಟಲು ಗೋಡೆಯಾಚೆ ಇಣುಕುತ್ತಿರುವಾಗ ದುಡ್ಡು ಯಾಕೆ? ಗಿಡ ಅವರದು, ರಸ್ತೆಗೆ ಬಾಗಿದ ಕೊಂಬೆ ಎಲ್ಲರದು. ಇದು ನಾನೇ ಮಾಡಿಕೊಂಡ ಕಾನೂನು. ಬಾಗದ ಕೊಂಬೆಯನ್ನು ಛತ್ರಿಯ ಹಿಡಿಯಿಂದ ಬಾಗಿಸಬಹುದು ಎಂಬ ತಿದ್ದುಪಡಿ ಆಮೇಲೆ ಬಂತು. ದಾಸವಾಳದ ಮೊಗ್ಗನ್ನು ಹಿಂದಿನ ಸಂಜೆಯೇ ಕಿತ್ತಿಟ್ಟರೂ ಬೆಳಿಗ್ಗೆ ಅರಳುತ್ತದೆ ಎಂದು ಗೊತ್ತಾದ ಮೇಲಂತೂ ಸಂಜೆ ವಾಕಿಂಗೂ ಶುರುವಾಯಿತು. ಆರೋಗ್ಯಕ್ಕೂ ಒಳ್ಳೇದು, ಅಲ್ವಾ?

ಒಂದು ದಿನ ಹಿಂದಿನ ಬೀದಿಯ ಮೇಷ್ಟ್ರ ಕೈಗೆ ಸಿಕ್ಕಿಬಿದ್ದೆ. ಅವರು ಗೇಟಿನ ಒಳಗೆ, ನಾನು ಹೊರಗೆ, ನಡುವೆ ನನ್ನ ಛತ್ರಿ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಮೆತ್ತಗೆ, "ಕೀಳಿ, ಕೀಳಿ. ನಮ್ಮ ದೇವರಿಗೂ ಎರಡು ಬಿಡಿ, ಅಷ್ಟೇ" ಅಂದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವತ್ತು ಮಂತ್ರ ಎಲ್ಲೂ ತಪ್ಪಲಿಲ್ಲ, ಅದು ಬಾಯಿಪಾಠ. ಆದರೆ ಗಣಪತಿಯ ತಲೆ ಮೇಲೆ ಕೂತ ದಾಸವಾಳದಲ್ಲಿ ಮೇಷ್ಟ್ರ ಮುಖವೇ ಕಾಣತೊಡಗಿತು.

ಮಾರನೇ ದಿನದಿಂದ ಸರ್ಕಲ್ಲಿನ ಹೂವಿನ ಅಜ್ಜಿಯ ಹತ್ತಿರ ವ್ಯಾಪಾರ. ಮೊಳ ಅಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಯಾರ ಮೊಣಕೈ ಅನ್ನುವುದರಲ್ಲೇ ಎಲ್ಲ ತಕರಾರು. ಉಡುಪಿ ಮಲ್ಲಿಗೆಗೆ ಈ ಜಗಳವಿಲ್ಲ, ಅಲ್ಲಿ ಹೂವು ಎಣಿಸಿ ಕಟ್ಟಿದ ಚೆಂಡಿನ ಲೆಕ್ಕ, 4 ಚೆಂಡಿಗೆ ಒಂದು ಅಟ್ಟೆ. ನಮ್ಮ ಅಜ್ಜಿಯ ಕೈಯೋ ಮಗುವಿನ ಕೈಯಷ್ಟು. "ಇದು ಮೊಳವೇನಜ್ಜಿ?" ಅಂದೆ. "ನಿಮ್ಮ ಕೈಯಲ್ಲಿ ಅಳೆದ್ರೆ ನಾನು ಉದ್ಧಾರ ಆದಂಗೇ ಸ್ವಾಮಿ" ಅಂದಳು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರ ಮುಟ್ಟಿದರೆ ಸುಡುತ್ತಿತ್ತು. ಚೌಕಾಸಿ ಮಾಡಿ ಹತ್ತು ರೂಪಾಯಿ ಇಳಿಸಿದೆ. ಅಜ್ಜಿ ಮಾತಾಡದೆ ಹತ್ತು ರೂಪಾಯಿ ಬಿಟ್ಟಳು, ಮೇಲೆ ಒಂದು ಗೇಣು ಕೊಸರೂ ಹಾಕಿದಳು. "ದೇವರಿಗಲ್ವಾ" ಅಂದಳು. ಪೂಜೆಗೆ ಕೂತರೆ ಕಣ್ಣೆಲ್ಲ ಆ ಮಾಲೆಯ ಮೇಲೆ. ಇದರಲ್ಲಿ ನಾನು ಕೊಟ್ಟಿದ್ದು ಎಲ್ಲಿಯವರೆಗೆ, ಅಜ್ಜಿ ಕೊಟ್ಟಿದ್ದು ಎಲ್ಲಿಂದ?

ಕೊನೆಗೆ ಪಾರಿಜಾತ ಹಿಡಿದೆ. ರಾತ್ರಿ ಅರಳಿ ಬೆಳಕು ಹರಿಯುವಷ್ಟರಲ್ಲಿ ತಾನಾಗಿ ಉದುರುವ ಹೂವು. ನೆಲಕ್ಕೆ ಬಿದ್ದ ಹೂವು ಪೂಜೆಗೆ ಬರುವುದಿಲ್ಲ, ಇದೊಂದಕ್ಕೆ ಮಾತ್ರ ಮಾಫಿ. ಫುಟ್‌ಪಾತಿನ ಮೇಲೆ ಬಿದ್ದದ್ದಕ್ಕೆ ಯಾರ ಅಪ್ಪಣೆ ಬೇಕು? ಅಷ್ಟಕ್ಕೂ ಈ ಗಿಡವನ್ನು ಕೃಷ್ಣ ಇಂದ್ರನ ತೋಟದಿಂದ ಕಿತ್ತು ತಂದದ್ದು, ಕೇಳಿ ತಂದದ್ದಲ್ಲ. ಈ ಕಥೆ ನನಗೆ ಬಹಳ ಸಮಾಧಾನ ಕೊಟ್ಟಿತು. ಆದರೆ ಪಾರಿಜಾತಕ್ಕೂ ಕಾಲ ಅಂತ ಒಂದಿದೆ. ಕಾಲ ಮುಗಿಯಿತು, ಹೂವು ನಿಂತಿತು, ಸಮಾಧಾನವೂ ನಿಂತಿತು.

ಆಗ ಮೇಷ್ಟ್ರ ಮನೆಗೆ ಹೋಗಿ ಬೆಲ್ ಮಾಡಿದೆ. ದಾಸವಾಳದ ಒಂದು ಕಡ್ಡಿ ಬೇಕಿತ್ತು ಅಂದೆ. ಆ ಮನೆಯಲ್ಲಿ ಕೇಳಿ ತೆಗೆದುಕೊಂಡದ್ದು ಅದೇ ಮೊದಲು. ಅವರು ಮೂರು ಕಡ್ಡಿ ಕತ್ತರಿಸಿ ಕೊಟ್ಟು, ಕಾಫಿಯನ್ನೂ ಕೊಟ್ಟರು. ಎರಡು ಒಣಗಿದವು, ಒಂದು ಚಿಗುರಿತು.

ಮೊನ್ನೆ ಐದೂವರೆಗೆ ಕಿಟಕಿಯಿಂದ ನೋಡುತ್ತೇನೆ, ನಮ್ಮ ಕೊಂಬೆ ಅಲ್ಲಾಡುತ್ತಿದೆ. ಗೋಡೆಯಾಚೆ ಪ್ಲಾಸ್ಟಿಕ್ ಕವರಿನ ಸದ್ದು. ಏನು ಹೇಳಬೇಕೆಂದು ನನಗೆ ಗೊತ್ತಿತ್ತು, ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ. ಆದರೆ ಚಿಲಕ ತೆಗೆಯುವಷ್ಟರಲ್ಲಿ ಏಳು ಹೂವಿನಲ್ಲಿ ಆರು ಮಾಯ. ಉಳಿದದ್ದು ಸರಿಯಾಗಿ ಅರಳಿಯೂ ಇರಲಿಲ್ಲ. ಅದನ್ನೇ ಗಣಪತಿಗೆ ಇಟ್ಟೆ. ಅದರಲ್ಲಿ ಯಾರ ಮುಖವೂ ಕಾಣಲಿಲ್ಲ.