ಟೊಮೆಟೊ ಮಂಡಿ ಲೆಕ್ಕವೂ ಕಂಪ್ಯೂಟರ್ ಸೈನ್ಸೇ ಅಲ್ವಾ?

ಮೆಲ್ಬರ್ನ್‌ನಲ್ಲಿ ನನ್ನ ಮಗಳು ಹನ್ನೆರಡನೇ ಕ್ಲಾಸಿಗೆ ಡೇಟಾ ಅನಾಲಿಟಿಕ್ಸ್ ತಗೊಂಡಿದ್ದಾಳೆ. ಕೋಲಾರದಲ್ಲಿ ನಮ್ಮಕ್ಕನ ಮಗ ಸೆಕೆಂಡ್ ಪಿಯುಸಿ, ಪಿಸಿಎಂಸಿ, ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ಕಂಪ್ಯೂಟರ್ ಸೈನ್ಸ್. ಇಬ್ಬರದೂ ಕಂಪ್ಯೂಟರೇ. ಓದೋ ರೀತಿ ಮಾತ್ರ ಪೂರ್ತಿ ಬೇರೆ.

ಅವನಿಗೆ ಥಿಯರಿ 70, ಪ್ರಾಕ್ಟಿಕಲ್ 30. ಪ್ರಾಕ್ಟಿಕಲ್ ಅಂದ್ರೆ ರೆಕಾರ್ಡ್ ಬುಕ್ಕಿನ ಪ್ರೋಗ್ರಾಂಗಳನ್ನು ಬರೆದು, ರನ್ ಮಾಡಿ, ವೈವಾ ಮುಗಿಸಿ ಬರೋದು. ಸ್ಟ್ಯಾಕು, ಕ್ಯೂ, ಸಾರ್ಟಿಂಗ್ ಅಂತ ಡೇಟಾ ಜೋಡಿಸೋ ಪಾಠಗಳೆಲ್ಲಾ ನಾಲಿಗೆ ತುದೀಲಿದೆ. ಈ ವಿಷಯದಲ್ಲಿ ನನ್ನ ಮಗಳು ಅವನ ಹತ್ತಿರಕ್ಕೂ ಬರೋದಿಲ್ಲ, ಸುಳ್ಳು ಯಾಕೆ ಹೇಳಲಿ.

ಆದರೆ ಅವಳ ಸಬ್ಜೆಕ್ಟಿನಲ್ಲಿ ಒಂದು ಪ್ರಾಜೆಕ್ಟಿಗೇ ಶೇ 30 ಮಾರ್ಕ್ಸು. ಪ್ರಶ್ನೆಯನ್ನು ತಾನೇ ಹುಡುಕಬೇಕು, ಪ್ಲಾನ್ ಬರೆಯಬೇಕು, ಡೇಟಾ ಎಲ್ಲಿಂದ ತಂದೆ, ಅದನ್ನು ಯಾಕೆ ನಂಬಬೇಕು, ಯಾರದಾದರೂ ಖಾಸಗಿ ವಿಷಯ ಅದರಲ್ಲಿದೆಯಾ ಅಂತ ಉತ್ತರ ಕೊಡಬೇಕು, ಕೊನೆಗೆ ಎಲ್ಲವನ್ನೂ ನೋಡಿದವರಿಗೆ ಅರ್ಥವಾಗುವ ಚಿತ್ರವಾಗಿ ಮಾಡಿ ತೋರಿಸಬೇಕು. ನನಗೆ ಹೊಟ್ಟೆಕಿಚ್ಚು ಬರೋದು ಇಲ್ಲೇ.

ಯಾಕಂದ್ರೆ ಇಂಥ ಕೆಲಸಕ್ಕೆ ಕೋಲಾರಕ್ಕಿಂತ ಒಳ್ಳೆ ಜಾಗ ಬೇಕಾ? 2023ರ ಜುಲೈನಲ್ಲಿ ನಮ್ಮ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಆಮೇಲೆ ಬಿದ್ದದ್ದೂ ಎಲ್ಲರಿಗೂ ಗೊತ್ತು. ಆ ಏರಿಳಿತವನ್ನು ಮಳೆ ಲೆಕ್ಕದ ಪಕ್ಕ ಇಟ್ಟು ನೋಡೋಕೆ ಒಬ್ಬ ಹುಡುಗನಿಗೆ ಹೇಳಿ ನೋಡಿ. ಮಂಡಿಯಲ್ಲಿ ಮಾತೆಲ್ಲಾ ಬಾಕ್ಸಿನದು, ಮಂಡಿ ರೇಟು ಹಾಕೋ ಸರ್ಕಾರದ ವೆಬ್‌ಸೈಟು ಅಗ್‌ಮಾರ್ಕ್‌ನೆಟ್‌ನಲ್ಲಿ ರೇಟು ಕ್ವಿಂಟಾಲಿಗೆ. ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು. ಆಗ ಆ 2,000 ರೂಪಾಯಿ ಬಾಕ್ಸು ಕ್ವಿಂಟಾಲಿಗೆ 13,333 ಆಗುತ್ತೆ. ಮಂಡಿ ರಜೆ ಇದ್ದ ದಿನ ಖಾಲಿ ಬಿಡಬೇಕಾ, ಸೊನ್ನೆ ಹಾಕಬೇಕಾ? ಸೊನ್ನೆ ಹಾಕಿದರೆ ಸರಾಸರಿ ಕೆಟ್ಟಿತು. ಡೇಟಾ ಕ್ಲೀನಿಂಗ್ ಅಂತ ಪುಟಗಟ್ಟಲೆ ಬರೆಸೋ ಪಾಠ ಇಷ್ಟೇ.

ಮಂಡಿ ಬೇಡ, ಊರಿನ ಹಾಲಿನ ಡೇರಿಗೆ ಹೋಗಲಿ. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರೋ ಉಳಿದ ಘನಾಂಶ), ರೇಟು ಎಲ್ಲಾ ಇರೋ ಚೀಟಿಯನ್ನು ಅಜ್ಜಿ ಸೆರಗಿನ ಗಂಟಲ್ಲಿ ಇಟ್ಟುಕೊಂಡಿರ್ತಾರೆ. ಅಳೆಯೋರು, ಮಷೀನು, ದುಡ್ಡು ಹಾಕೋ ಬ್ಯಾಂಕು, ಎಲ್ಲಾ ಸೇರಿದ ಇನ್ಫರ್ಮೇಷನ್ ಸಿಸ್ಟಮ್ ಅದು. ನಮ್ಮ ಹುಡುಗ ಮಾತ್ರ ರೋಲ್ ನಂಬರು, ಮಾರ್ಕ್ಸು ಇರೋ ಟೇಬಲ್ಲನ್ನೇ ತಿರುಗಿಸಿ ತಿರುಗಿಸಿ ಬರೀತಿದ್ದಾನೆ.

ಇಲ್ಲಿ ಮೆಲ್ಬರ್ನ್‌ನ ನಮ್ಮೋರೂ ಕಡಿಮೆ ಇಲ್ಲ ಬಿಡಿ. ಈ ಸಬ್ಜೆಕ್ಟ್ ಅಂದ್ರೆ "ಸ್ಕೇಲಿಂಗ್ ಹೇಗಿದೆ" ಅಂತಲೇ ಮೊದಲ ಪ್ರಶ್ನೆ, ಅಂದ್ರೆ ಯೂನಿವರ್ಸಿಟಿ ಸೀಟಿನ ಲೆಕ್ಕದಲ್ಲಿ ಇದರ ಮಾರ್ಕ್ಸು ಮೇಲೇರುತ್ತಾ, ಕೆಳಗಿಳಿಯುತ್ತಾ ಅಂತ.

ನಾನು ಕೇಳೋದು ಜಾಸ್ತಿ ಏನಲ್ಲ. ಪಿಯುಸಿ ಪ್ರಾಕ್ಟಿಕಲ್‌ನ ಆ 30ರಲ್ಲಿ 10 ಮಾರ್ಕ್ಸು ಊರಿನ ಒಂದು ಪ್ರಶ್ನೆಗೆ ಕೊಡಿ. ಲೆಕ್ಚರರ್‌ಗಳಿಗೆ ಕೆಲಸ ಹೆಚ್ಚಾಗುತ್ತೆ, ನಿಜ. ಪೇಟೆಯಲ್ಲಿ ದುಡ್ಡು ಕೊಟ್ಟು ಪ್ರಾಜೆಕ್ಟ್ ಮಾಡಿಸೋರೂ ಬರ್ತಾರೆ. ಅಂಥವರನ್ನು ವೈವಾದಲ್ಲಿ "ರಜೆ ದಿನಕ್ಕೆ ಏನು ಹಾಕಿದೆ?" ಅಂತ ಕೇಳಿದರೆ ಸಾಕು.